ಕವರ್‌ನಲ್ಲಿ ನಿಂತ ಹುಡುಗ

ಬ್ಯಾಟಿನ ಅಂಚಿಗೆ ತಾಗಿದ ಚೆಂಡು ತೆಂಗಿನ ಮರಗಳ ತಲೆಗಿಂತ ಎತ್ತರಕ್ಕೆ ಹೋಯಿತು. ಕವರ್‌ನಲ್ಲಿ ನಿಂತಿದ್ದ ಹುಡುಗ ಒಮ್ಮೆಲೇ ಮುಂದಕ್ಕೆ ನುಗ್ಗಿದ. ನಾಲ್ಕು ಹೆಜ್ಜೆ ಹೋದ ಮೇಲೆ ಲೆಕ್ಕ ತಪ್ಪಿದ್ದು ಗೊತ್ತಾಯಿತು. ನಿಂತ, ಕತ್ತು ಎತ್ತಿದ, ಹಿಂದೆ ಹಿಂದೆ ಸರಿದ. ಹಿಮ್ಮಡಿ ಮಣ್ಣಿನ ಉಬ್ಬಿಗೆ ತಗುಲಿ ಕೂತೇಬಿಟ್ಟ. ಚೆಂಡು ಅವನ ಬೆನ್ನ ಹಿಂದೆ ಮಾರು ದೂರದಲ್ಲಿ ಕೆಂಪು ಧೂಳೆಬ್ಬಿಸಿ ಬಿತ್ತು. ಬೌಲಿಂಗ್ ಮಾಡಿದ ಹುಡುಗ ಎರಡೂ ಕೈಯನ್ನು ತಲೆಯ ಮೇಲಿಟ್ಟುಕೊಂಡ. ಮಿಡಾಫ್‌ನಿಂದ ಒಂದು ದನಿ ಬಂತು: 'ಕೈಯಲ್ಲಿ ತೂತಿದ್ಯೇನೋ?'

'ಏಯ್, ಯಾರದು? ಬಾಯ್ಮುಚ್ಕೊಂಡು ಬಾಲ್ ನೋಡು' ಎಂದರು ಕೋಚ್. ಬಿದ್ದವನಿಗೆ ಅವರು ಏನೂ ಹೇಳಲಿಲ್ಲ. ಅವನು ಎದ್ದು, ಚೆಂಡನ್ನು ಕೀಪರ್ ಕಡೆಗೆಸೆದು, ಪ್ಯಾಂಟಿನ ಹಿಂಬದಿ ಕೊಡವಿಕೊಂಡು ಮತ್ತೆ ತನ್ನ ಜಾಗಕ್ಕೆ ಬಂದ.

ಕೆಂಗೇರಿ ಉಪನಗರ ದಾಟಿ ಸ್ವಲ್ಪ ಒಳಕ್ಕೆ ಹೋದರೆ ಸಿಗುವ ಮೈದಾನ ಇದು. ನಡುವೆ ಸಿಮೆಂಟಿನ ಹಾಸು, ಅದರ ಮೇಲೆ ಬಿಗಿಯಾಗಿ ಎಳೆದು ಮೊಳೆ ಹೊಡೆದ ಮ್ಯಾಟ್. ಮ್ಯಾಟ್‌ನ ಸುತ್ತ ಒಂದಿಷ್ಟು ಹುಲ್ಲು, ಆಮೇಲೆ ಬರೀ ಮಣ್ಣು. ಒಂದು ಬದಿಯಲ್ಲಿ ತೆಂಗಿನ ತೋಟದ ಉಳಿಕೆ, ಇನ್ನೊಂದು ಬದಿಯಲ್ಲಿ ಅರ್ಧಕ್ಕೆ ನಿಂತ ಅಪಾರ್ಟ್‌ಮೆಂಟಿನ ಕಂಬಗಳು. ಭಾನುವಾರ ಬೆಳಿಗ್ಗೆ ಬಿಸಿಲು ಏರುವ ಮುಂಚೆಯೇ ಇಲ್ಲಿ ಸ್ಕೂಟರುಗಳು ಸಾಲುಗಟ್ಟಿರುತ್ತವೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಹಂಪಿನಗರಗಳಿಂದ ಅಪ್ಪಂದಿರು ಮಕ್ಕಳನ್ನು ಹಿಂದೆ ಕೂರಿಸಿಕೊಂಡು, ಕಿಟ್ ಬ್ಯಾಗನ್ನು ಕಾಲ ನಡುವೆ ಇರುಕಿಸಿಕೊಂಡು, ಮೈಸೂರು ರಸ್ತೆಯುದ್ದಕ್ಕೂ ವೃಷಭಾವತಿಯ ವಾಸನೆ ಸಹಿಸಿಕೊಂಡು ಬರುತ್ತಾರೆ. ಸ್ವಲ್ಪ ದೊಡ್ಡ ಹುಡುಗರು ಮೆಟ್ರೊ ಹಿಡಿಯುತ್ತಾರೆ. 2021ರ ಆಗಸ್ಟ್‌ನಲ್ಲಿ ನೇರಳೆ ಮಾರ್ಗ ಕೆಂಗೇರಿಯವರೆಗೆ ಬಂದ ಮೇಲೆ ವಿಜಯನಗರದ ಮಗುವಿಗೆ ಈ ಮೈದಾನ ಹತ್ತಿರವಾಗಿದೆ. ಜ್ಞಾನಭಾರತಿ, ಪಟ್ಟಣಗೆರೆ ನಿಲ್ದಾಣಗಳು ಸರಿಯುವಾಗ ಬಿಳಿ ಬಟ್ಟೆಯ ಹುಡುಗರು ಬಾಗಿಲ ಪಕ್ಕ ನಿಂತು ಗಾಳಿಯಲ್ಲೇ ಕವರ್ ಡ್ರೈವ್ ಆಡುತ್ತಿರುತ್ತಾರೆ. ಗಾಳಿಯಲ್ಲಿ ಕ್ಯಾಚ್ ಹಿಡಿದು ನೋಡುವವನು ನನಗಂತೂ ಕಂಡಿಲ್ಲ.

ಇಷ್ಟು ದೂರ ಬರುವುದಕ್ಕೆ ಕಾರಣ ಸರಳ. ಪಶ್ಚಿಮ ಬೆಂಗಳೂರಿನಲ್ಲಿ ಮಕ್ಕಳು ಹೆಚ್ಚಿದ್ದಾರೆ, ಬಯಲು ಕಡಿಮೆ. ರಾಜಾಜಿನಗರದ ರಾಮಮಂದಿರದ ಮೈದಾನದಲ್ಲಿ ರಜೆಯ ದಿನ ಒಂದೇ ಹೊತ್ತಿಗೆ ಎಷ್ಟು ಪಂದ್ಯ ನಡೆಯುತ್ತಿರುತ್ತವೆ ಎಂದು ಹೊಸಬರಿಗೆ ತಿಳಿಯುವುದಿಲ್ಲ. ಒಂದು ತಂಡದ ಲಾಂಗ್ ಆನ್ ನಿಂತಿರುವುದು ಇನ್ನೊಂದು ತಂಡದ ವಿಕೆಟ್ ಕೀಪರ್ ಪಕ್ಕದಲ್ಲಿ. ಅಲ್ಲೂ ಜಾಗ ಸಿಗದವರಿಗೆ ಮನೆ ಮುಂದಿನ ಅಡ್ಡರಸ್ತೆಯೇ ಗತಿ.

ಅಡ್ಡರಸ್ತೆಯ ಕ್ರಿಕೆಟ್ಟಿಗೆ ಅದರದೇ ಕಾನೂನು. ಕಾಂಪೌಂಡಿನೊಳಗೆ ಚೆಂಡು ನೇರವಾಗಿ ಬಿದ್ದರೆ ಔಟ್. ಕಾರಿಗೆ ತಗುಲಿದರೆ ಆಟ ಬಂದ್. ಎತ್ತಿ ಹೊಡೆದರೆ ಔಟ್, ಏಕೆಂದರೆ ಮೇಲೆ ಕೇಬಲ್ಲು, ಕರೆಂಟ್ ತಂತಿ, ಮೊದಲನೇ ಮಹಡಿಯ ಕಿಟಕಿ ಗಾಜು. ಒಂದು ಸಲ ನೆಲಕ್ಕೆ ಬಡಿದು ಬಂದದ್ದನ್ನು ಒಂಟಿ ಕೈಯಲ್ಲಿ ಹಿಡಿದರೂ ಔಟ್. ಈ ಕಾನೂನುಗಳಲ್ಲಿ ಬೆಳೆದ ಹುಡುಗ ಚೆಂಡನ್ನು ನೆಲಕ್ಕೆ ಅದುಮಿ ಹೊಡೆಯುವುದನ್ನು ಬೇಗ ಕಲಿಯುತ್ತಾನೆ, ಬೇಲಿ ಸಂದಿಯಲ್ಲಿ ತೂರಿಸುವುದನ್ನು ಕಲಿಯುತ್ತಾನೆ. ಆದರೆ ಎತ್ತರದಿಂದ ಇಳಿಯುವ ಚೆಂಡನ್ನು ಅವನು ಕಂಡೇ ಇರುವುದಿಲ್ಲ. ಹನ್ನೆರಡು ವರ್ಷ ಆಕಾಶದ ಚೆಂಡನ್ನೇ ನೋಡದೆ ಬೆಳೆದು, ಹದಿಮೂರನೇ ವರ್ಷ ಒಂದು ಬೆಳಿಗ್ಗೆ ಬಯಲಿಗೆ ಬಂದು ನಿಲ್ಲುತ್ತಾನೆ. ಅವನ ತಲೆಯ ಮೇಲೆ ಕೆಂಪು ಚೆಂಡೊಂದು ಚುಕ್ಕೆಯಾಗಿ ನಿಂತುಬಿಡುತ್ತದೆ. ಓಡಬೇಕಾದ್ದು ಮುಂದಕ್ಕೋ ಹಿಂದಕ್ಕೋ?

ಈ ಪ್ರಶ್ನೆಯನ್ನು ವಿಜ್ಞಾನಿಗಳು ಕೇಳಿದ್ದಾರೆ, ಅದೂ ಮೊದಲು ಬೇಸ್‌ಬಾಲ್ ಮೈದಾನದಲ್ಲಿ. 1968ರಲ್ಲಿ ಅಮೆರಿಕದ ಭೌತವಿಜ್ಞಾನಿ ಸೆವಿಲ್ ಚಾಪ್‌ಮನ್ ಬೇಸ್‌ಬಾಲ್ ಹಿಡಿಯುವ ಬಗ್ಗೆ ಒಂದು ಪ್ರಬಂಧ ಬರೆದರು. ಚೆಂಡು ನೇರ ನಮ್ಮ ಕಡೆಗೇ ಬರುತ್ತಿದೆ ಎನ್ನಿ. ಅದನ್ನು ನೋಡುತ್ತ ನೋಡುತ್ತ ನಮ್ಮ ಕಣ್ಣು ಮೇಲೇರುತ್ತ ಹೋಗುತ್ತದೆ. ಕಣ್ಣಿನ ಲೆಕ್ಕದಲ್ಲಿ ಆ ಏರಿಕೆ ಒಂದೇ ಸಮನಾಗಿದ್ದರೆ ನಾವು ಸರಿಯಾದ ಜಾಗದಲ್ಲಿದ್ದೇವೆ. ಏರಿಕೆಯ ವೇಗ ಹೆಚ್ಚುತ್ತ ಹೋದರೆ ಚೆಂಡು ನಮ್ಮನ್ನು ದಾಟಿ ಹಿಂದೆ ಬೀಳುತ್ತದೆ. ಕುಗ್ಗುತ್ತ ಹೋದರೆ ನಮ್ಮ ಮುಂದೆ. 1993ರಲ್ಲಿ ಪೀಟರ್ ಮೆಕ್ಲಿಯೊಡ್ ಮತ್ತು ಝೋಲ್ಟನ್ ಡೀನೆಸ್ ಎಂಬಿಬ್ಬರು ಚೆಂಡು ಹಿಡಿಯಲು ಓಡುವವರನ್ನು ಚಿತ್ರೀಕರಿಸಿ ನೋಡಿದಾಗ, ಚೆನ್ನಾಗಿ ಹಿಡಿಯುವವರು ಆ ಏರಿಕೆಯನ್ನು ಸಮನಾಗಿ ಉಳಿಸಿಕೊಳ್ಳುವ ಹಾಗೆಯೇ ತಮ್ಮ ಓಟದ ವೇಗವನ್ನು ಬದಲಿಸುತ್ತಿದ್ದರು. ಚೆಂಡು ಬೀಳುವ ಜಾಗವನ್ನು ಮೊದಲೇ ಎಣಿಸಿ, ಅಲ್ಲಿಗೆ ಹೋಗಿ ಕಾಯುತ್ತಿರಲಿಲ್ಲ. ಓಡುತ್ತಲೇ ಚೆಂಡನ್ನು ಸೇರುತ್ತಿದ್ದರು. ಎರಡು ವರ್ಷದ ನಂತರ ಮೈಕೆಲ್ ಮೆಕ್‌ಬೀತ್ ಮತ್ತು ಸಂಗಡಿಗರು ಬೇಸ್‌ಬಾಲ್ ಔಟ್‌ಫೀಲ್ಡರುಗಳ ಓಟಕ್ಕೆ ಬೇರೊಂದು ವಿವರಣೆ ಕೊಟ್ಟರು. ವಾದ ಇನ್ನೂ ಇದೆ. ಆದರೆ ಯಾವ ವಿವರಣೆಯಲ್ಲೂ ಇದು ಬುದ್ಧಿಯಿಂದ ಮಾಡುವ ಲೆಕ್ಕವಲ್ಲ. ಕಣ್ಣು ಮತ್ತು ಕಾಲು ತಾವು ತಾವೇ ಮಾಡಿಕೊಳ್ಳುವ ಒಪ್ಪಂದ.

ಅಂಥ ಒಪ್ಪಂದವನ್ನು ಬಯ್ದು ಮಾಡಿಸಲು ಬರುವುದಿಲ್ಲ. ನೂರಾರು ಚೆಂಡು ತಲೆಯ ಮೇಲಿಂದ ಇಳಿಯಬೇಕು. ಅವುಗಳಲ್ಲಿ ಬಹುಪಾಲು ನೆಲಕ್ಕೇ ಬೀಳಬೇಕು. ಮೊದಲು ಮುಂದಕ್ಕೆ ನುಗ್ಗಿ ಆಮೇಲೆ ಹಿಂದಕ್ಕೆ ಎಡವಿದ ನಮ್ಮ ಹುಡುಗ ದಡ್ಡನಲ್ಲ, ಸೋಮಾರಿಯಲ್ಲ. ಅವನ ಕಣ್ಣಿಗೆ ಆ ಏರಿಕೆಯನ್ನು ಓದುವ ಅಭ್ಯಾಸ ಇನ್ನೂ ಆಗಿಲ್ಲ, ಅಷ್ಟೆ.

ಇನ್ನು ನೋವಿನ ಮಾತು. ಬೇಸ್‌ಬಾಲ್‌ನವರ ಕೈಗೆ ದೊಡ್ಡ ಚರ್ಮದ ಗವಸು ಇದೆ. ನಮ್ಮಲ್ಲಿ ಕೀಪರ್‌ಗೆ ಬಿಟ್ಟರೆ ಎಲ್ಲರಿಗೂ ಬರಿಗೈ. ಕ್ರಿಕೆಟ್ ಚೆಂಡು ಬೇಸ್‌ಬಾಲ್‌ಗಿಂತ ಭಾರ: ಗಂಡಸರ ಆಟದ ಚೆಂಡು 155.9ರಿಂದ 163 ಗ್ರಾಂ. ಹದಿಮೂರು ವರ್ಷದೊಳಗಿನವರಿಗೆ ನಿಯಮ ಹೇಳುವ ಚೆಂಡು 133ರಿಂದ 144 ಗ್ರಾಂ. ಟೆನಿಸ್ ಬಾಲ್ ಬಿಟ್ಟು ಲೆದರ್ ಬಾಲ್‌ಗೆ ಬಂದ ಮಗುವಿನ ಬೆರಳ ತುದಿಗೆ ಮೊದಲ ಏಟು ಬಿದ್ದ ದಿನ ಅದು ಮನಸ್ಸಿನಲ್ಲಿ ಕೂತುಬಿಡುತ್ತದೆ. ಆಮೇಲೆ ಚೆಂಡು ಬರುವಾಗ ಮುಖ ತಾನಾಗಿ ಪಕ್ಕಕ್ಕೆ ತಿರುಗುತ್ತದೆ, ಕಣ್ಣು ಕೊನೇ ಗಳಿಗೆಯಲ್ಲಿ ಮುಚ್ಚಿಕೊಳ್ಳುತ್ತದೆ, ಕೈ ಗಟ್ಟಿಯಾಗುತ್ತದೆ. ಗಟ್ಟಿ ಕೈಗೆ ಬಿದ್ದ ಚೆಂಡು ಪುಟಿದು ಹೊರಗೆ ಹೋಗುತ್ತದೆ, ಮತ್ತೆ ಪೆಟ್ಟಾಗುತ್ತದೆ, ಭಯ ಇನ್ನಷ್ಟು ಬಲಿಯುತ್ತದೆ. ಈ ಸುತ್ತಿನಿಂದ ಮಗುವನ್ನು ಹೊರಗೆ ತರುವುದು ಕೋಚ್‌ನ ಕೆಲಸಗಳಲ್ಲೆಲ್ಲ ಕಷ್ಟದ್ದು.

ಇಲ್ಲಿನ ಕೋಚ್‌ಗೆ ಐವತ್ತು ದಾಟಿದೆ. ಲೀಗ್ ಆಡಿದವರು, ಬಲಗೈ ಕಿರುಬೆರಳು ಸೊಟ್ಟಗಿದೆ. ಪಂದ್ಯಕ್ಕೆ ಮುಂಚೆ ಈ ಹುಡುಗನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಅವರು ಮಾಡಿಸಿದ್ದನ್ನು ನಾನು ನೋಡಿದೆ. ಮೊದಲು ಟೆನಿಸ್ ಬಾಲ್, ಐದಾರು ಅಡಿ ದೂರದಿಂದ, ಕೆಳಗೈಯಲ್ಲಿ. ಆಮೇಲೆ ಅದೇ ಚೆಂಡು ತುಸು ಎತ್ತರಕ್ಕೆ. ಆಮೇಲೆ ಲೆದರ್ ಬಾಲ್, ಮತ್ತೆ ಐದಾರು ಅಡಿಯಿಂದ. ಎದೆಗಿಂತ ಕೆಳಗೆ ಬಂದರೆ ಬೆರಳು ನೆಲದ ಕಡೆ, ಮೇಲೆ ಬಂದರೆ ಬೆರಳು ಆಕಾಶದ ಕಡೆ. ಎದೆಯ ಮಟ್ಟಕ್ಕೇ ಬಂದಾಗ ಯಾವ ಕಡೆ ಎಂದು ತೀರ್ಮಾನ ಮಾಡಲು ಆಗುವುದಿಲ್ಲ, ಅಲ್ಲೇ ಹುಡುಗರ ಕೈಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಅದನ್ನೇ ಮತ್ತೆ ಮತ್ತೆ ಎಸೆದರು. 'ಹಿಡೀಬೇಡ ಮಗಾ, ಬಾಲ್ ಜೊತೆ ಕೈಯನ್ನ ಹಿಂದಕ್ಕೆ ತಗೋ. ಸದ್ದೇ ಬರ್ಬಾರ್ದು.' ಬಿಟ್ಟಾಗ ಚೆಂಡನ್ನು ಅವರೇ ಹೋಗಿ ಎತ್ತಿಕೊಂಡು ಬಂದರು. ಹುಡುಗನಿಗೆ ಓಡಿ ತರುವ ಶಿಕ್ಷೆ ಇರಲಿಲ್ಲ. ಕೆಲವು ಕಡೆ ಕ್ಯಾಚ್ ಬಿಟ್ಟವನಿಗೆ ಮೈದಾನ ಸುತ್ತಿಸುವ ರೂಢಿ ಇದೆ. ಅದರಿಂದ ಮಗು ಓಟ ಕಲಿತೀತು, ಕ್ಯಾಚ್ ಕಲಿಯುವುದಿಲ್ಲ. ಹೆದರಿಕೆಗೆ ಸುಸ್ತನ್ನೂ ಸೇರಿಸಿದ ಹಾಗಾಗುತ್ತದೆ.

ಹಗ್ಗದ ಆಚೆ, ಬೇವಿನ ಮರದ ಕೆಳಗೆ ಅಪ್ಪ ಅಮ್ಮಂದಿರ ಸಭೆ. ಫ್ಲಾಸ್ಕಿನ ಕಾಫಿ, ಡಬ್ಬಿಯಲ್ಲಿ ಇಡ್ಲಿ, ಯಾರದೋ ಮನೆಯ ಚಿತ್ರಾನ್ನ. ಮಾತೆಲ್ಲ ಬ್ಯಾಟಿಂಗಿನದು. ಯಾವ ಬ್ಯಾಟು, ಎಷ್ಟು ತೂಕ, ಯಾವ ಕಡೆ ಬೌಲಿಂಗ್ ಮಷಿನ್ ಬಂದಿದೆ. ನೆಟ್ಸಿಗೆ ದುಡ್ಡು ಕೊಟ್ಟವರು ಮಗ ಎಷ್ಟು ಚೆಂಡು ಆಡಿದ ಎಂದು ಎಣಿಸುತ್ತಾರೆ; ಎಷ್ಟು ಕ್ಯಾಚ್ ಎಸೆಸಿಕೊಂಡ ಎಂದು ಕೇಳುವವರು ಅಪರೂಪ. ಫೀಲ್ಡಿಂಗ್ ಅಭ್ಯಾಸವೆಂದರೆ ಕೊನೆಗೆ ಉಳಿದ ಹದಿನೈದು ನಿಮಿಷ. ಅಷ್ಟು ಹೊತ್ತಿಗೆ ಬಿಸಿಲೇರಿರುತ್ತದೆ, ಕಾಲು ಸೋತಿರುತ್ತದೆ. ಕಲಿಸದೆ ಬಿಟ್ಟಿದ್ದನ್ನು ಪಂದ್ಯದ ದಿನ ಮಗುವಿನ ತಪ್ಪು ಎಂದು ಎಣಿಸುವುದು ನ್ಯಾಯವಲ್ಲ.

ಹುಡುಗನ ಅಪ್ಪ ಮರದ ಕೆಳಗೆ ಕೂರಲಿಲ್ಲ. ಹಗ್ಗದುದ್ದಕ್ಕೂ ಅತ್ತಿಂದಿತ್ತ ನಡೆಯುತ್ತಿದ್ದರು. ಓವರ್ ಮುಗಿದಾಗ ಕೋಚ್ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು: 'ಸರ್, ಅವನನ್ನ ಫೈನ್ ಲೆಗ್‌ಗೆ ಕಳಿಸಿಬಿಡಿ ಸರ್. ಅಲ್ಲಿ ಬಾಲ್ ಕಡಿಮೆ ಬರುತ್ತೆ. ಎಲ್ರ ಮುಂದೆ ಪಾಪ...'

'ಬಾಲೇ ಬರ್ದಿದ್ರೆ ಹಿಡಿಯೋದನ್ನ ಎಲ್ಲಿ ಕಲೀತಾನೆ ಸರ್?'

'ಇನ್ನೊಂದು ಬಿಟ್ರೆ ಟೀಮಿನವರು ಸುಮ್ನಿರ್ತಾರಾ?'

'ಟೀಮಿನವರನ್ನ ನಾನು ನೋಡ್ಕೋತೀನಿ. ನೀವು ಕಾರಲ್ಲಿ ಹೋಗ್ತಾ ಕ್ಯಾಚ್ ವಿಷ್ಯ ಎತ್ಬೇಡಿ. ಅಷ್ಟು ಮಾಡಿ ಸಾಕು.'

ಅಪ್ಪ ತಲೆಯಾಡಿಸಿದರು. ಮೈಸೂರು ರಸ್ತೆಯ ಸಿಗ್ನಲ್ಲುಗಳಲ್ಲಿ ನಿಂತ ಎಷ್ಟು ಕಾರುಗಳಲ್ಲಿ ಭಾನುವಾರ ಮಧ್ಯಾಹ್ನ ಆ ಮಾತು ನಡೆಯುತ್ತಿರುತ್ತದೋ. ಹಿಂದಿನ ಸೀಟಿನಲ್ಲಿ ಕೂತ ಮಗು ಕಿಟಕಿಯಾಚೆ ನೋಡುತ್ತಿರುತ್ತದೆ.

ಬೇಸ್‌ಬಾಲ್‌ನ ಒಂದು ಪದ್ಧತಿ ಈ ಹೊತ್ತಿಗೆ ನೆನಪಾಗುತ್ತದೆ. ಅಲ್ಲಿನ ಸ್ಕೋರ್‌ಬೋರ್ಡಿನಲ್ಲಿ ಮೂರು ಅಂಕಣ: ರನ್, ಹಿಟ್, ಎರರ್. ಸಾಮಾನ್ಯ ಪ್ರಯತ್ನದಲ್ಲಿ ಹಿಡಿಯಬಹುದಾಗಿದ್ದ ಚೆಂಡನ್ನು ಬಿಟ್ಟರೆ ಅಧಿಕೃತ ಸ್ಕೋರರ್ ಅದನ್ನು ಎರರ್ ಎಂದು ತೀರ್ಮಾನಿಸುತ್ತಾನೆ, ಆಟಗಾರನ ಹೆಸರಿನಲ್ಲಿ ಬರೆಯುತ್ತಾನೆ. ಕಠೋರ ಎನಿಸಬಹುದು. ಆದರೆ ಬರೆದ ಮೇಲೆ ಅದು ಲೆಕ್ಕಕ್ಕೆ ಹೋಯಿತು, ಮುಗಿಯಿತು. ಕ್ರಿಕೆಟ್ಟಿನ ಸ್ಕೋರ್‌ಕಾರ್ಡಿನಲ್ಲಿ ಬಿಟ್ಟ ಕ್ಯಾಚಿಗೆ ಅಂಕಣವೇ ಇಲ್ಲ. ಪುಸ್ತಕದಲ್ಲಿ ಜಾಗ ಸಿಗದ್ದರಿಂದ ಅದು ಜನರ ಬಾಯಲ್ಲಿ ಉಳಿಯುತ್ತದೆ, ಹೇಳಿದಂತೆಲ್ಲ ಬೆಳೆಯುತ್ತದೆ. ಆ ಮಟ್ಟಿಗೆ ಬೇಸ್‌ಬಾಲ್‌ನವರ ಪುಸ್ತಕವೇ ನಮ್ಮ ಬಾಯಿಗಿಂತ ದಯೆಯುಳ್ಳದ್ದು ಎಂದು ನನ್ನ ಅಭಿಪ್ರಾಯ.

2025ರ ಬೇಸಿಗೆಯಲ್ಲಿ ಭಾರತ ಇಂಗ್ಲೆಂಡಿನಲ್ಲಿ ಆಡಿದ ಟೆಸ್ಟ್ ಸರಣಿಯನ್ನು ಈ ಮೈದಾನದ ಮಕ್ಕಳೆಲ್ಲ ನೋಡಿದ್ದಾರೆ. ಜೂನ್‌ನಲ್ಲಿ ಲೀಡ್ಸ್‌ನ ಹೆಡಿಂಗ್ಲಿಯಲ್ಲಿ ಮೊದಲ ಟೆಸ್ಟ್. ಇಪ್ಪತ್ತಮೂರರ ಯಶಸ್ವಿ ಜೈಸ್ವಾಲ್ ಮೊದಲ ಇನಿಂಗ್ಸಿನಲ್ಲಿ 101 ಹೊಡೆದರು. ಅದೇ ಪಂದ್ಯದಲ್ಲಿ ನಾಲ್ಕು ಕ್ಯಾಚ್ ಬಿಟ್ಟರು. ಕೊನೆಯದು ಐದನೇ ದಿನ, ಮೊಹಮ್ಮದ್ ಸಿರಾಜ್ ಬೌಲಿಂಗಿನಲ್ಲಿ ಬೆನ್ ಡಕೆಟ್ 97ರಲ್ಲಿದ್ದಾಗ. ಡಕೆಟ್ 149ರವರೆಗೆ ಹೋದರು, ಇಂಗ್ಲೆಂಡ್ 371 ರನ್ ಬೆನ್ನಟ್ಟಿ ಐದು ವಿಕೆಟ್‌ನಿಂದ ಗೆದ್ದಿತು. ಆ ವಾರ ಶತಕದ ಸುದ್ದಿ ಯಾರಿಗೂ ಬೇಕಿರಲಿಲ್ಲ. ಆದರೆ ತಂಡ ಅವರನ್ನು ಕೈಬಿಡಲಿಲ್ಲ. ಐದೂ ಟೆಸ್ಟ್ ಆಡಿಸಿತು. ಓವಲ್‌ನ ಕೊನೆಯ ಟೆಸ್ಟಿನ ಎರಡನೇ ಇನಿಂಗ್ಸಿನಲ್ಲಿ ಅವರು 118 ಹೊಡೆದರು, ಭಾರತ ಆ ಪಂದ್ಯವನ್ನು ಆರು ರನ್ನಿನಿಂದ ಗೆದ್ದಿತು. ಆ 118 ಇಲ್ಲದಿದ್ದರೆ ಆರು ರನ್ನಿನ ಗೆಲುವು ಎಲ್ಲಿಂದ ಬರುತ್ತಿತ್ತು?

ಅದೇ ಓವಲ್‌ನಲ್ಲಿ ನಮ್ಮ ಊರಿಗೆ ಇನ್ನೂ ಹತ್ತಿರದ ಒಂದು ಗಳಿಗೆ ಇದೆ. ಆಗಸ್ಟ್ 3, ನಾಲ್ಕನೇ ದಿನ. ಬೌಲಿಂಗ್ ಮಾಡುತ್ತಿದ್ದವರು ಬೆಂಗಳೂರಿನ ಪ್ರಸಿದ್ಧ್ ಕೃಷ್ಣ. 19 ರನ್ ಗಳಿಸಿದ್ದ ಹ್ಯಾರಿ ಬ್ರೂಕ್ ಎತ್ತಿ ಹೊಡೆದರು. ಬೌಂಡರಿ ಬಳಿ ಸಿರಾಜ್ ಹಿಡಿದೇಬಿಟ್ಟರು. ಹಿಡಿದು ಒಂದು ಹೆಜ್ಜೆ ಹಿಂದೆ ಇಟ್ಟರು, ಆ ಹೆಜ್ಜೆ ಗೆರೆಯ ಮೇಲೆ ಬಿತ್ತು. ವಿಕೆಟ್ ಸಿಕ್ಕಿತೆಂದು ಸಂಭ್ರಮಿಸತೊಡಗಿದ್ದ ಪ್ರಸಿದ್ಧ್ ಪಾಲಿಗೆ ಉಳಿದದ್ದು ಆರು ರನ್. ಬ್ರೂಕ್ 111 ಮಾಡಿದರು. ಆ ಸಂಜೆ ಪಂದ್ಯ ಕೈತಪ್ಪಿತು ಎಂದೇ ಎಲ್ಲರೂ ಅಂದುಕೊಂಡದ್ದು. ಮರುದಿನ ಬೆಳಿಗ್ಗೆ ನಾಯಕ ಶುಭಮನ್ ಗಿಲ್ ಚೆಂಡು ಕೊಟ್ಟದ್ದು ಈ ಇಬ್ಬರಿಗೇ. ಒಂದು ತುದಿಯಿಂದ ಸಿರಾಜ್, ಇನ್ನೊಂದರಿಂದ ಪ್ರಸಿದ್ಧ್. ಕೊನೆಯ ವಿಕೆಟ್ ಸಿರಾಜ್‌ರದು, ಇನಿಂಗ್ಸಿನಲ್ಲಿ ಐದು ವಿಕೆಟ್, ಪ್ರಸಿದ್ಧ್‌ಗೆ ನಾಲ್ಕು. ಗೆರೆ ತುಳಿದ ಕಾಲಿನ ಮೇಲೆಯೇ ಓಡಿ ಬಂದು ಗೆಲ್ಲಿಸಿದರು.

ಮಕ್ಕಳಿಗೆ ಕೋಚ್ ಈ ಕಥೆ ಹೇಳುವಾಗ ಗೆಲುವಿನ ಭಾಗವನ್ನು ಬೇಗ ಮುಗಿಸುತ್ತಾರೆ. ರಾತ್ರಿಯ ಭಾಗವನ್ನು ಕೇಳುತ್ತಾರೆ: 'ಆ ರಾತ್ರಿ ಸಿರಾಜ್ ನಿದ್ದೆ ಮಾಡಿರ್ತಾರೇನೋ?' ಮಕ್ಕಳು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಮ್ಮ ಹುಡುಗ ಏನೂ ಹೇಳಲಿಲ್ಲ, ಬೂಟಿನ ಲೇಸು ಬಿಚ್ಚಿ ಕಟ್ಟುತ್ತ ಕೂತಿದ್ದ.

ಕರ್ನಾಟಕಕ್ಕೆ ಕೈಗಳ ಬಗ್ಗೆ ಹೆಮ್ಮೆ ಪಡಲು ಕಾರಣಗಳಿವೆ. ಬೆಂಗಳೂರಿನಲ್ಲಿ ಆಡಿ ಬೆಳೆದ ವಿಕೆಟ್ ಕೀಪರ್ ಸೈಯದ್ ಕಿರ್ಮಾನಿ 1971ರ ಇಂಗ್ಲೆಂಡ್ ಪ್ರವಾಸಕ್ಕೇ ಹೋಗಿದ್ದರೂ ಫಾರೂಕ್ ಎಂಜಿನಿಯರ್ ಹಿಂದೆ ಕಾಯಬೇಕಾಯಿತು. ಮೊದಲ ಟೆಸ್ಟ್ ಸಿಕ್ಕಿದ್ದು 1976ರಲ್ಲಿ. ರಾಹುಲ್ ದ್ರಾವಿಡ್ ಶಾಲೆಯ ದಿನಗಳಲ್ಲಿ ಕೀಪಿಂಗ್ ಮಾಡಿದವರು, ಆಮೇಲೆ ಸ್ಲಿಪ್‌ನಲ್ಲಿ ನಿಂತು ಟೆಸ್ಟ್‌ಗಳಲ್ಲಿ 210 ಕ್ಯಾಚ್ ಹಿಡಿದರು. ಅದರಲ್ಲಿ ಐವತ್ತಕ್ಕೂ ಹೆಚ್ಚು ಅನಿಲ್ ಕುಂಬ್ಳೆ ಬೌಲಿಂಗಿನವು. 'ಸಿ ದ್ರಾವಿಡ್ ಬಿ ಕುಂಬ್ಳೆ' ಎಂಬ ಸಾಲನ್ನು ಪತ್ರಿಕೆಯಲ್ಲಿ ಓದುತ್ತಲೇ ಒಂದು ತಲೆಮಾರು ಬೆಳೆಯಿತು. ಕೀಪರ್ ಅಲ್ಲದವರಲ್ಲಿ ಆ 210 ವಿಶ್ವದಾಖಲೆಯಾಗಿತ್ತು. 2025ರ ಜುಲೈನಲ್ಲಿ ಲಾರ್ಡ್ಸ್‌ನಲ್ಲಿ ಜೋ ರೂಟ್ ಅದನ್ನು ದಾಟಿದರು. ಆ 211ನೇ ಕ್ಯಾಚಿಗೆ ಔಟಾದದ್ದು ಇನ್ನೊಬ್ಬ ಕರ್ನಾಟಕದವರೇ, ಕರುಣ್ ನಾಯರ್. ಭಾರತ ತಂಡದ ಫೀಲ್ಡಿಂಗ್ ಕೋಚ್ ಆಗಿ 2014ರಿಂದ 2021ರವರೆಗೆ ದುಡಿದ ಆರ್. ಶ್ರೀಧರ್ ಹುಟ್ಟಿದ್ದು ಮೈಸೂರಿನಲ್ಲಿ. ಕ್ಯಾಚ್ ಹಿಡಿಯುವುದನ್ನೇ ಕಲಿಸಲು ಒಬ್ಬರು ಬೇಕು, ಅದಕ್ಕೆ ಬೇರೆಯೇ ಗಂಟೆಗಳು ಬೇಕು ಎಂಬುದು ದೇಶದ ತಂಡಕ್ಕೆ ಅರ್ಥವಾಗಿದೆ. ಹದಿಮೂರರ ಮಕ್ಕಳ ತಂಡಗಳಿಗೆ ಅದು ಮುಟ್ಟಬೇಕು, ಬೇಗ ಮುಟ್ಟಬೇಕು.

ಏಕೆಂದರೆ ಕ್ಯಾಚ್ ಬಿಟ್ಟವನನ್ನು ಬಚ್ಚಿಡುವುದು ತುಂಬ ಸುಲಭ. ಪ್ರತಿ ತಂಡದಲ್ಲೂ ಬೌಂಡರಿಯ ಒಂದು ಮೂಲೆ ಅಂಥವನಿಗಾಗಿಯೇ ಇರುತ್ತದೆ. ಅಲ್ಲಿ ಚೆಂಡು ಬರುವುದಿಲ್ಲ, ಬೈಗುಳವೂ ಬರುವುದಿಲ್ಲ. ಒಂದು ಸೀಸನ್ ಅಲ್ಲಿ ನಿಂತ ಮಗು ಮುಂದಿನ ಸೀಸನ್‌ಗೆ ತಾನೇ ಆ ಕಡೆ ನಡೆಯುತ್ತದೆ, ಯಾರೂ ಹೇಳಬೇಕಾಗುವುದಿಲ್ಲ. ಅದರ ಮುಂದಿನ ಸೀಸನ್‌ಗೆ ಮೈದಾನಕ್ಕೇ ಬರುವುದಿಲ್ಲ. ಇಂಥ ಮಕ್ಕಳನ್ನು ನೋಡಿದ್ದೇನೆ. ಆಮೇಲೆ ಅವರ ಬ್ಯಾಟು ಮಂಚದ ಕೆಳಗೆ ಸೇರುತ್ತದೆ. ಟೆಸ್ಟ್ ಆಟಗಾರನನ್ನು ಸ್ಲಿಪ್‌ನಿಂದ ಕೆಲವು ದಿನ ಸರಿಸಿದರೆ ಅವನಿಗೆ ಮರಳುವ ದಾರಿ ಗೊತ್ತಿರುತ್ತದೆ. ಹದಿಮೂರರ ಹುಡುಗನಿಗೆ ಗೊತ್ತಿರುವುದಿಲ್ಲ. ಅವನ ವಿಷಯದಲ್ಲಿ ತಾಳ್ಮೆ ಎಂದರೆ ಬಯ್ಯದೆ ಇರುವುದಷ್ಟೇ ಅಲ್ಲ, ಚೆಂಡು ಬರುವ ಜಾಗದಲ್ಲೇ ಅವನನ್ನು ನಿಲ್ಲಿಸುವುದು, ಸೋಲುವ ಸಾಧ್ಯತೆಯನ್ನು ತಂಡವಿಡೀ ಹೊರುವುದು.

ಕುಡಿಯುವ ನೀರಿನ ವಿರಾಮ ಮುಗಿಯಿತು. ಎದುರಾಳಿಗಳು ಮಾಗಡಿ ರಸ್ತೆ ಕಡೆಯ ಹುಡುಗರು, ಗೆಲ್ಲಲು ನಲವತ್ತು ಚಿಲ್ಲರೆ ರನ್ ಬೇಕಿತ್ತು, ಕೈಯಲ್ಲಿ ಐದು ವಿಕೆಟ್. ಮೂರನೇ ಎಸೆತವನ್ನು ಎಡಗೈ ಬ್ಯಾಟರ್ ಸಪಾಟಾಗಿ ಕವರ್ ಕಡೆ ಹೊಡೆದ. ನಮ್ಮ ಹುಡುಗ ಮೊಣಕಾಲು ಊರುವಷ್ಟರಲ್ಲಿ ಚೆಂಡು ಕಾಲ ಸಂದಿಯಿಂದ ತೂರಿ ನಾಲ್ಕು ರನ್ನಾಯಿತು. ನಾಯಕ ಹುಡುಗ ಎರಡೂ ಕೈ ಚಾಚಿ ಕೋಚ್ ಕಡೆ ತಿರುಗಿದ, ಬದಲಾಯಿಸಲಾ ಎನ್ನುವ ಹಾಗೆ. ಕೋಚ್ ಬೇಡವೆಂದು ತಲೆ ಅಲ್ಲಾಡಿಸಿದರು.

ಮುಂದಿನ ಓವರಿನಲ್ಲಿ ಮತ್ತೆ ಅದೇ ಕಡೆಗೆ ಬಂತು, ಮಣ್ಣಿನ ಉಬ್ಬಿಗೆ ತಗುಲಿ ಎಗರಿತು. ಹುಡುಗನ ಕೈ ಕೆಳಗಿತ್ತು, ಚೆಂಡು ಎದೆಗೆ ಬಡಿದು ಮುಂದೆ ಬಿತ್ತು. ಈ ಸಲ ಮುಖ ತಿರುಗಿಸಿರಲಿಲ್ಲ. ಎತ್ತಿಕೊಂಡು ಗಡಿಬಿಡಿಯಲ್ಲಿ ತಪ್ಪು ತುದಿಗೆ ಎಸೆದ. ಅಷ್ಟರಲ್ಲಿ ಒಂದು ರನ್ ಹೋಗಿತ್ತು. ಇನ್ನೊಂದು ತುದಿಗೆ ಎಸೆದಿದ್ದರೆ ರನೌಟ್ ಆಗಬಹುದಿತ್ತೆಂದು ಬೌಲರ್ ಗೊಣಗಿದ.

'ಥ್ರೋ ಆಮೇಲೆ ನೋಡೋಣ' ಎಂದು ಕೋಚ್ ಹಗ್ಗದ ಬಳಿಯಿಂದಲೇ ಕೂಗಿದರು. 'ನಿಲ್ಸಿದ್ಯಲ್ಲ, ಸಾಕು. ಎದೆಗೆ ಏಟಾಯ್ತಾ?'

'ಇಲ್ಲ ಸರ್.'

'ಹಾಗಾದ್ರೆ ಅಲ್ಲೇ ಇರು. ಎರಡು ಹೆಜ್ಜೆ ಮುಂದೆ ಬಾ, ಸಿಂಗಲ್ ಕೊಡ್ಬೇಡ.'